ಓದುಗರ ಓಲೆ: ಭಾಮಿನಿಯೊಳಗೆ ಮಿರ್ಚಿ

ದಾವಣಗೆರೆಯ ಓದುಗರೊಬ್ಬರ ಪ್ರಶ್ನೆ: ಸ್ಕಾಟ್ಲೆಂಡಿನ ಕವಿಗಳು ಆಡುನುಡಿ, ಹಳೆಯ ಛಂದಸ್ಸು, ಹೊಸ ಪ್ರಯೋಗ ಎಲ್ಲವನ್ನೂ ಬೆರೆಸುತ್ತಾರಂತೆ. ನಮ್ಮೂರ ಮಾತಲ್ಲಿ ಭಾಮಿನಿ ಷಟ್ಪದಿ ಬರೆದರೆ ಮಾತ್ರ ಲಯ ಕುಂಟುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬಹುಮಟ್ಟಿಗೆ ಕ್ರಿಯಾಪದದ ಬಾಲದಲ್ಲಿ. 'ಬಿಸಿಯ ಮಿರ್ಚಿಯ ಮುರಿದು ತಿಂದೆವು' ಎಂದರೆ 3, 4, 3, 4 ಮಾತ್ರೆಯ ಗಣಗಳು (ಗಿಡ್ಡ ಅಕ್ಷರ ಲಘು, 1 ಮಾತ್ರೆ; ಉದ್ದನೆಯದು ಅಥವಾ ಮುಂದೆ ಒತ್ತಕ್ಷರವಿರುವುದು ಗುರು, 2 ಮಾತ್ರೆ); ಒಟ್ಟು 14, ಸರಿಯಾಗಿದೆ. 'ತಿಂದೆವು' ತೆಗೆದು 'ತಿಂದ್ವಿ' ಹಾಕಿದಿರೋ, ಸ್ವರವೊಂದು ಬಿದ್ದುಹೋಗಿ 4 ಇದ್ದದ್ದು 3 ಆಯಿತು. 'ತಿಂದ್ವೀ' ಅಂತ ಎಳೆದು ತುಂಬಿಸಬೇಡಿ, ನಾಟಕದ ಮಾತಾಗುತ್ತದೆ. ಪದವನ್ನೇ ಮೂರರ ಮನೆಗೆ ಸರಿಸಿ: 'ಮಿರ್ಚಿ ಮುರ್ಕೊಂಡ್ ತಿಂದ್ವಿ ಸಂಜಿಗೆ.' ಮತ್ತೆ 14.

ಈಗ ಎರಡನೆಯ ಅಕ್ಷರದ ಪ್ರಾಸ: ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. 'ರ್ಚ'ಕ್ಕೆ ಖರ್ಚು, ಕುರ್ಚಿ, ಚರ್ಚೆ ಸಿಗುತ್ತವೆ, ಪೇಟೆಯ ಮಾತು ತಾನಾಗಿ ಒಳಬರುತ್ತದೆ. ಕರ್ಚೀಫು, ಪರ್ಚೇಸು ಮಾತ್ರ ಸಾಲಿನ ಮೊದಲಿಗೆ ಒಗ್ಗವು: ಎರಡು ಗುರು ಜೊತೆಯಾಗಿ, ಮೂರಕ್ಕೆ ಗಣ ಕಡಿಯುವುದಿಲ್ಲ. ಐದನೇ ಸಾಲಿಗೆ ಪ್ರಾಸ ಬತ್ತಿದರೆ ಅಲ್ಲೇ ಮುರಿಯಿರಿ, ಆದರೆ ಮಾತ್ರೆ ಕೆಡಿಸಬೇಡಿ. ಎರಡೂ ಒಟ್ಟಿಗೆ ಮುರಿದರೆ ಓದುಗನಿಗೆ ಪ್ರಯೋಗ ಕೇಳಿಸದು, ಎಡವಿದ್ದು ಕೇಳುತ್ತದೆ. ಸ್ಕಾಟ್ಲೆಂಡಿನ ಕವಿ ಎಡ್ವಿನ್ ಮಾರ್ಗನ್ 1972ರ ಗ್ಲಾಸ್ಗೋ ಸಾನೆಟ್‌ಗಳಲ್ಲಿ ಹಳೆಯ ಕಟ್ಟನ್ನು ಬಿಗಿಯಾಗಿಟ್ಟು, ಶಿಥಿಲವಾದ ವಠಾರಗಳನ್ನು ಅದರೊಳಗೆ ತಂದದ್ದು ಹೀಗೇ.

ಹ್ಯೂ ಮ್ಯಾಕ್‌ಡಿಯರ್ಮಿಡ್ ಎಂಬ ಇನ್ನೊಬ್ಬ ಸ್ಕಾಟಿಷ್ ಕವಿ ಹಳೆಯ ಸ್ಕಾಟ್ಸ್ (ಅಲ್ಲಿನ ನಾಡನುಡಿ) ನಿಘಂಟಿನಿಂದ ಪದ ಹೆಕ್ಕಿ ತಂದವರು. ಅದನ್ನು ಅನುಕರಿಸುವುದಾದರೆ ಪದ್ಯಕ್ಕೆ ಎರಡೋ ಮೂರೋ ಪದ ಸಾಕು. ಅಡಿಟಿಪ್ಪಣಿ ಪದ್ಯಕ್ಕಿಂತ ಉದ್ದವಾಗಬಾರದು.

ಚಿತ್ರದುರ್ಗದಿಂದ ಮತ್ತೊಬ್ಬರು: ಮಾರ್ಗನ್ 14 ಪದಗಳ ಒಂದೇ ವಾಕ್ಯವನ್ನು 14 ಸಾಲಿನಲ್ಲಿ ಅದಲುಬದಲು ಮಾಡಿದ್ದಾರೆ. ಏಳುಸುತ್ತಿನ ಕೋಟೆ ಕುರಿತು 7 ಪದ, 7 ಸಾಲು ಮಾಡಿದೆ. ಸಪ್ಪೆಯಾಗಿದೆ.

ಉತ್ತರ: ಸಪ್ಪೆಯಾಗದೆ ಇನ್ನೇನು! ಇಂಗ್ಲಿಷಿನಲ್ಲಿ ಪದದ ಜಾಗ ಬದಲಾದರೆ ಅರ್ಥವೂ ಹೊರಳುತ್ತದೆ. ಮಾರ್ಗನ್ ಆರಿಸಿಕೊಂಡದ್ದು ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಅವರ ವಾಕ್ಯ, ಅದರಲ್ಲಿ ಬಹುಪಾಲು ಚಿಕ್ಕಪುಟ್ಟ ಪದಗಳೇ. ನಮ್ಮಲ್ಲಿ 'ನಾನು ಕೋಟೆಯನ್ನು ಕಂಡೆ', 'ಕೋಟೆಯನ್ನು ನಾನು ಕಂಡೆ' ಎರಡೂ ಹೆಚ್ಚುಕಡಿಮೆ ಒಂದೇ. ಕೆಲಸ ಮಾಡುವುದು ವಿಭಕ್ತಿ. ಆದ್ದರಿಂದ ಪದಗಳನ್ನು ಇದ್ದಲ್ಲೇ ಇಟ್ಟು ಪ್ರತ್ಯಯಗಳನ್ನು ಓಡಾಡಿಸಿ: 'ನನ್ನನ್ನು ಕೋಟೆ ಕಂಡಿತು', 'ನನಗೆ ಕೋಟೆ ಕಾಣಲಿಲ್ಲ', 'ನನ್ನಲ್ಲಿ ಕೋಟೆ ಕಂಡಿತು'. ಒಂದು ಸಾಲಿಗೆ ಒಂದೇ ಪಲ್ಲಟ ಸಾಕು. ಏಳನೆಯದರಲ್ಲಿ ಪ್ರತ್ಯಯ ಕಿತ್ತು ಬರೀ 'ಕೋಟೆ' ಉಳಿಸಿ ನೋಡಿ.