ಟಿಕೆಟ್ ಮಾಡುವ ಮುಂಚೆ ಪಂಚಾಂಗ ನೋಡಿ

ಮಂಡ್ಯದ ಅಣ್ಣ ನಿನ್ನೆ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಇದು ಉತ್ತರ. ಉದ್ದ ಆಗಿದೆ, ಆದರೂ ಪೂರ್ತಿ ಓದಿ. ಅವರೂ ಅವರ ಭಾವಮೈದುನನೂ ಸೇರಿ 36 ಅಡಿಯ ಹಾಯಿದೋಣಿ ಕೊಂಡಿದ್ದಾರೆ. ದೋಣಿ ಮಲೇಷ್ಯಾದಲ್ಲಿದೆ. ತಳಕ್ಕೆ ಬಣ್ಣ ಹೊಡೆಯಲು ಅದನ್ನು ನೀರಿನಿಂದ ಮೇಲೆತ್ತಿಸಬೇಕು. ದೋಣಿ ನಿಲ್ಲಿಸುವ ತಂಗುದಾಣದವರು, ಅಂದರೆ ಮರೀನಾದವರು, ಎರಡು ಸಲ ದಿನಾಂಕ ಬದಲಾಯಿಸಿ, ಈಗ ಫೆಬ್ರವರಿಯಲ್ಲಿ ಒಂದು ದಿನ ಹೇಳಿದ್ದಾರೆ. ಬೆಂಗಳೂರಿನಿಂದ ಹೋಗಿ ಬರುವುದಕ್ಕೆ ಎಂಟು ದಿನ ಇಟ್ಟುಕೊಂಡು ಟಿಕೆಟ್ ಮಾಡಬಹುದಾ ಅಂತ ಕೇಳಿದ್ದಾರೆ.

ಅಣ್ಣಾ, ಟಿಕೆಟ್ ಇನ್ನೂ ಮಾಡಬೇಡಿ. ಮೊದಲು ಗೋಡೆಯ ಮೇಲಿನ ಒಂಟಿಕೊಪ್ಪಲ್ ಪಂಚಾಂಗ ತೆಗೆದು ಆ ದಿನ ಯಾವ ತಿಥಿ ಅಂತ ನೋಡಿ. ಮುಹೂರ್ತಕ್ಕೆ ಹೇಳುತ್ತಿಲ್ಲ, ನೀರಿನ ಲೆಕ್ಕಕ್ಕೆ ಹೇಳುತ್ತಿದ್ದೇನೆ.

ನಾವೆಲ್ಲ ಕೆಆರ್‌ಎಸ್ ಹಿನ್ನೀರಿನಲ್ಲಿ ಕಲಿತವರು. ಅಣೆಕಟ್ಟೆಯಲ್ಲಿ ಇವತ್ತು 110 ಅಡಿ ಇದ್ದರೆ ನಾಳೆಯೂ ಹೆಚ್ಚು ಕಮ್ಮಿ ಅಷ್ಟೇ. ದೋಣಿ ಮೇಲೆ ತರುವುದು ಅಂದರೆ ನಾಲ್ಕು ಜನ ಸೇರಿ ಟ್ರಾಲಿ ಎಳೆದರೆ ಮುಗಿಯಿತು. ಅಲ್ಲಿ ಹಾಗಲ್ಲ. ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಅದೂ ಎಲ್ಲ ದಿನ ಒಂದೇ ಸಮ ಏರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ದೊಡ್ಡ ಉಬ್ಬರ. ಅಷ್ಟಮಿ, ನವಮಿ ಆಸುಪಾಸಿನಲ್ಲಿ ಚಿಕ್ಕ ಉಬ್ಬರ. ನಿಮ್ಮ ಕೀಲ್, ಅಂದರೆ ದೋಣಿಯ ತಳದಿಂದ ಕೆಳಗೆ ಚಾಚಿದ ಭಾರದ ಭಾಗ, ನೀರಿನೊಳಗೆ 1.9 ಮೀಟರ್ ಇಳಿದಿದೆ ಅಂತ ಬರೆದಿದ್ದೀರಿ. ದೋಣಿಯನ್ನು ಬೆಲ್ಟಿನಲ್ಲಿ ಎತ್ತುವ ಯಂತ್ರ, ಟ್ರಾವೆಲ್ ಲಿಫ್ಟ್, ಇರುವ ಜಾಗಕ್ಕೆ ಹೋಗುವ ಕಾಲುವೆಯಲ್ಲಿ ಹೂಳು ಕೂತಿದ್ದರೆ ದೊಡ್ಡ ಉಬ್ಬರದ ದಿನ ಮಾತ್ರ ನೀವು ಒಳಗೆ ಹೋಗಬಹುದು.

ಇನ್ನು ರಜೆ. ಚೀನೀ ಹೊಸ ವರ್ಷ ಬರುವುದೇ ಅಮಾವಾಸ್ಯೆ ಹೊತ್ತಿಗೆ. ರಂಜಾನ್ ಹಬ್ಬ ಅಮಾವಾಸ್ಯೆ ಕಳೆದು ಚಂದ್ರ ಕಂಡ ಮೇಲೆ. ದೀಪಾವಳಿಯೂ ಅಲ್ಲೇ. ತಮಿಳರ ತೈಪೂಸಂ, ಬೌದ್ಧರ ವೇಸಾಕ್ ಹಬ್ಬ ಹುಣ್ಣಿಮೆ ಹತ್ತಿರ. ಅಂದರೆ ಆ ದೇಶದ ದೊಡ್ಡ ರಜೆಗಳು ಸುಮಾರಾಗಿ ನಿಮಗೆ ನೀರು ಬೇಕಾದ ದಿನಗಳಲ್ಲೇ ಬರುತ್ತವೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ದೋಣಿ ಲಂಕಾವಿ ಕಡೆ ಇದ್ದರೆ ಇನ್ನೊಂದು ವಿಷಯ: ಅದು ಕೆಡಾ ರಾಜ್ಯ, ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ.

ನನಗೆ ಆಗಿದ್ದು 2018ರಲ್ಲಿ. ಸಿಂಗಪುರದಲ್ಲಿರುವ ಗೆಳೆಯನ ಜೊತೆ ಸೇರಿ ಇಟ್ಟುಕೊಂಡಿದ್ದ 38 ಅಡಿಯ ದೋಣಿ, ಕೀಲ್ 2.1 ಮೀಟರ್. ಮರೀನಾ ಹೆಸರು ಬೇಡ. ಅವರು ಕೊಟ್ಟ ದಿನ ಫೆಬ್ರವರಿ 14. ಹದಿಮೂರಕ್ಕೆ ಹೋಗಿ ಇಳಿದೆ. ನಮಗಿಂತ ಮುಂಚೆ ಎತ್ತಿದ ದೋಣಿಯ ತಳದಲ್ಲಿ ಏನೋ ತೊಂದರೆ ಕಂಡು ಅದು ಬೆಲ್ಟಿನಲ್ಲೇ ಉಳಿಯಿತು. ನಮ್ಮ ಸರದಿ ಹದಿನೈದಕ್ಕೆ ಮುಂದೆ ಹೋಯಿತು. ಹದಿನೈದಕ್ಕೆ ಮಧ್ಯಾಹ್ನವೇ ಕೆಲಸದವರು ಊರಿಗೆ ಹೊರಟರು, ಹದಿನಾರಕ್ಕೆ ಚೀನೀ ಹೊಸ ವರ್ಷ. ರಜೆ ಮುಗಿಸಿ ಅವರು ಬರುವಷ್ಟರಲ್ಲಿ ಉಬ್ಬರ ಇಳಿಯುತ್ತಾ ಬಂದಿತ್ತು. ಒಂದು ಸಲ ಪ್ರಯತ್ನ ಮಾಡಿದೆವು. ಕಾಲುವೆಯ ಬಾಯಲ್ಲೇ ಕೀಲ್ ಕೆಸರಿಗೆ ಕೂತಿತು, ಹಿಂದಕ್ಕೆ ಬಂದೆವು. ಕೊನೆಗೆ ದೋಣಿ ಮೇಲೆ ಬಂದಿದ್ದು ಮಾರ್ಚ್ 2ರ ಹುಣ್ಣಿಮೆಗೆ. ನನ್ನ ವಾಪಸ್ ಟಿಕೆಟ್ ಹೋಯಿತು, ಆಫೀಸಿನಲ್ಲಿ ವರ್ಷದ ರಜೆ ಅಷ್ಟೂ ಹೋಯಿತು.

ಮರೀನಾದವರು ಬೇಕಂತ ಮೋಸ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಇರುವುದು ಒಂದೇ ಲಿಫ್ಟ್. ಮಲೇಷ್ಯಾದ ಲಂಕಾವಿ ಕಡೆಯ ಕರಾವಳಿಯಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಕಡಿಮೆ, ಬಣ್ಣದ ಕೆಲಸಕ್ಕೆ ಎಲ್ಲರೂ ಆಗಲೇ ಬರುತ್ತಾರೆ. ಒಂದು ದೋಣಿ ತಡವಾದರೆ ಹಿಂದಿನವರೆಲ್ಲ ತಡ. ನಿಮಗೆ ಕಬ್ಬಿನ ಕಟಾವಿಗೆ ಪರ್ಮಿಟ್ ಕಾಯುವುದು ಗೊತ್ತಲ್ವಾ? ಇದೂ ಹಾಗೇ. ಲಾರಿ ಬರುವ ಮುಂಚೆ ಕೂಲಿಯವರನ್ನು ಕರೆಸಿ ಕೂರಿಸಿದರೆ ನಷ್ಟ ನಮ್ಮದೇ.

ಹಾಗಾಗಿ ಮರೀನಾದವರಿಗೆ ಇವತ್ತೇ ಮೇಲ್ ಬರೆಯಿರಿ. ನೀರು ಪೂರ್ತಿ ಇಳಿದಾಗ ಕಾಲುವೆಯಲ್ಲಿ ಎಷ್ಟು ಆಳ, ನಮ್ಮ ದಿನದ ಉಬ್ಬರ ಎಷ್ಟು ಗಂಟೆಗೆ, ಅವತ್ತು ತಪ್ಪಿದರೆ ಮುಂದಿನ ದಿನ ಯಾವುದು, ಲಿಫ್ಟ್ ಎಷ್ಟು ಟನ್ ಎತ್ತುತ್ತದೆ ಅಂತ ಕೇಳಿ. ಫೋನಿನಲ್ಲಿ ಕೇಳಬೇಡಿ, ಉತ್ತರ ಬರಹದಲ್ಲಿ ಇರಲಿ. ದೋಣಿಯ ತೂಕ ಹೇಳುವಾಗ ಕಂಪನಿಯ ಕಾಗದದಲ್ಲಿ ಇರುವುದನ್ನು ಸುಮ್ನೆ ಬರೆಯಬೇಡಿ. ಅದು ಖಾಲಿ ದೋಣಿಯ ತೂಕ. 400 ಲೀಟರ್ ನೀರು ಅಂದರೆ 400 ಕಿಲೋ. 10 ಮಿಲಿಮೀಟರ್ ದಪ್ಪದ ಲಂಗರು ಸರಪಳಿ 60 ಮೀಟರ್ ಇದ್ದರೆ ಅದೇ ಸುಮಾರು 140 ಕಿಲೋ. ಡೀಸೆಲ್, ಹಾಯಿ, ಪಾತ್ರೆ ಪಗಡ ಎಲ್ಲ ಸೇರಿಸಿ.

ಈಗ ಬೆಲ್ಟಿನ ವಿಷಯ. ಇದು ದಿನಾಂಕಕ್ಕಿಂತ ದೊಡ್ಡದು.

ಟ್ರಾವೆಲ್ ಲಿಫ್ಟ್ ದೋಣಿಯನ್ನು ಎರಡು ಅಗಲ ಬೆಲ್ಟುಗಳಲ್ಲಿ ತೊಟ್ಟಿಲ ಹಾಗೆ ಎತ್ತುತ್ತದೆ. ಮುಂದಿನ ಬೆಲ್ಟ್ ಕೀಲಿನ ಮುಂದೆ ಕೂರಬೇಕು. ಹಿಂದಿನದು ಕೀಲಿನ ಹಿಂದೆ, ಆದರೆ ಪ್ರೊಪೆಲ್ಲರ್ ತಿರುಗಿಸುವ ಲೋಹದ ದಂಡ, ಅಂದರೆ ಶಾಫ್ಟ್, ಹೊರಗೆ ಬರುವ ಜಾಗಕ್ಕಿಂತ ಮುಂದೆ. ಲಿಫ್ಟ್ ನಡೆಸುವವನಿಗೆ ನೀರಿನ ಕೆಳಗೆ ಏನೂ ಕಾಣುವುದಿಲ್ಲ. ನಿಮ್ಮ ದೋಣಿಯ ಶಾಫ್ಟ್ ಎಲ್ಲಿದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ನಾನು ಗುರುತು ಹಾಕಿರಲಿಲ್ಲ. ಅವನು ಅಂದಾಜಿನಲ್ಲಿ ಹಾಕಿದ. ಬೆಲ್ಟ್ ಬಿಗಿಯಾಗುವಾಗ ಒಳಗಿನಿಂದ ಒಂದು ಸದ್ದು ಬಂತು, ಒಣ ಕೊಂಬೆ ಮುರಿದ ಹಾಗೆ. ಕೈ ಬೀಸಿ ನಿಲ್ಲಿಸಿದೆ. ದೋಣಿ ನೆಲಕ್ಕೆ ಬಂದ ಮೇಲೆ ಕೆಳಗೆ ಹೋಗಿ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿದೆ. ಅರ್ಧ ಸುತ್ತು ಸಲೀಸಾಗಿ ಬಂತು, ಆಮೇಲೆ ಬಿಗಿಯಾಯಿತು. ಮತ್ತೆ ಸಲೀಸು, ಮತ್ತೆ ಬಿಗಿ. ಶಾಫ್ಟ್ ಬಾಗಿತ್ತು. ಆಫೀಸಿಗೆ ಹೋದರೆ ನಾನೇ ಸಹಿ ಹಾಕಿದ್ದ ಫಾರಂ ತೋರಿಸಿದರು. ಬೆಲ್ಟ್ ಜಾಗ ತೋರಿಸುವುದು ಮಾಲೀಕನ ಜವಾಬ್ದಾರಿ ಅಂತ ಅದರಲ್ಲಿ ಬರೆದಿತ್ತು. ಆ ಪ್ರೊಪೆಲ್ಲರನ್ನು ಹಿಡಿದುಕೊಂಡು ನಿಂತಿದ್ದು ಇವತ್ತಿಗೂ ಮನಸ್ಸಿಗೆ ಬರುತ್ತದೆ.

ನೀವು ಹೀಗೆ ಮಾಡಿ. ದೋಣಿ ಮಾರಿದವರ ಹತ್ತಿರ ಹಿಂದೆ ಎತ್ತಿದಾಗ ತೆಗೆದ ಫೋಟೋ ಇರಬಹುದು, ಅದನ್ನು ಕೇಳಿ ತರಿಸಿಕೊಳ್ಳಿ. ಪಕ್ಕದಿಂದ ತೆಗೆದದ್ದು ಬೇಕು, ಬೆಲ್ಟ್ ಕಾಣಬೇಕು. ಅದನ್ನು ನೋಡಿಕೊಂಡು ಡೆಕ್ಕಿನ ಅಂಚಿಗೆ ಎರಡೂ ಬದಿ ಬಣ್ಣದ ಟೇಪ್ ಅಂಟಿಸಿ. ಫೋಟೋ ಪ್ರಿಂಟ್ ಹಾಕಿಸಿ ಲಿಫ್ಟ್ ನಡೆಸುವವನ ಕೈಗೇ ಕೊಡಿ, ಆಫೀಸಿಗೆ ಕೊಟ್ಟರೆ ಅದು ಅಲ್ಲೇ ಉಳಿಯುತ್ತದೆ. ಎರಡು ಬೆಲ್ಟುಗಳನ್ನು ಹಗ್ಗದಲ್ಲಿ ಒಂದಕ್ಕೊಂದು ಕಟ್ಟಿಸಿ, ಇಲ್ಲದಿದ್ದರೆ ಮುಂದಿನದು ಮೂತಿಯ ಕಡೆ ಜಾರುತ್ತದೆ. ವೇಗ ಅಳೆಯುವ ಚಿಕ್ಕ ಚಕ್ರ ತಳದಲ್ಲಿದ್ದರೆ ಮೊದಲೇ ಒಳಗೆ ಎಳೆದು ಮುಚ್ಚಳ ಹಾಕಿ. ಲಿಫ್ಟಿನ ಮೇಲಿನ ಅಡ್ಡ ತೊಲೆಗೆ ಹಾಯಿಕಂಬದ ತಂತಿ ತಾಗುತ್ತದಾ ಅಂತಲೂ ಕೇಳಿ. ತಾಗಿದರೆ ಬಿಚ್ಚಬೇಕು, ಅದಕ್ಕೆ ಅರ್ಧ ದಿನ ಬೇಕು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ದರ ದೋಣಿಯ ಉದ್ದಕ್ಕೆ ಹಾಕುತ್ತಾರೆ. ಮುಂದೆ ಚಾಚಿದ ಲಂಗರು, ಹಿಂದೆ ನೇತಾಡುವ ಚಿಕ್ಕ ದೋಣಿ ಎಲ್ಲ ಸೇರಿಸಿ ಅಳೆಯುವುದುಂಟು. ತಳ ತೊಳೆಯುವುದು, ನೆಲದ ಮೇಲೆ ದೋಣಿಗೆ ಆಸರೆ ಕೊಡುವ ಸ್ಟ್ಯಾಂಡ್, ಕರೆಂಟು, ಮತ್ತೆ ನೀರಿಗೆ ಇಳಿಸುವುದು ಒಂದೇ ಬಿಲ್ಲಿನಲ್ಲಿ ಇದೆಯಾ, ಬೇರೆ ಬೇರೆಯಾ ಅಂತ ಕೇಳಿ. ನೀವೇ ಬಣ್ಣ ಹೊಡೆಯಲು ಬಿಡುತ್ತಾರಾ ಅನ್ನುವುದನ್ನೂ ಕೇಳಿ. ಕೆಲವು ಕಡೆ ಅವರ ಕೆಲಸದವರೇ ಮಾಡಬೇಕು. ಮೂರನೆಯವರಿಗೆ ಹಾನಿಯಾದರೆ ಕೊಡುವ ವಿಮೆಯ ಕಾಗದ ಇಲ್ಲದೆ ಎಷ್ಟೋ ಕಡೆ ದೋಣಿ ಮುಟ್ಟುವುದೇ ಇಲ್ಲ.

ಕೆಲಸಕ್ಕೆ ಐದು ದಿನ ಸಾಕು. ತಳಕ್ಕೆ ಅಂಟಿದ ಚಿಪ್ಪುಜೀವಿ ಬಾರ್ನಕಲ್ ಕೆರೆಯುವುದು, ಉಜ್ಜುವುದು, ಅವು ಮತ್ತೆ ಅಂಟದ ಹಾಗೆ ತಡೆಯುವ ಆಂಟಿಫೌಲಿಂಗ್ ಬಣ್ಣ ಎರಡು ಕೋಟ್, ಉಳಿದ ಲೋಹ ಸವೆಯದ ಹಾಗೆ ತಾನೇ ಸವೆಯುವ ಹೊಸ ಜಿಂಕ್ ಆನೋಡ್. ಸ್ಟ್ಯಾಂಡ್ ಮುಟ್ಟುವ ಜಾಗಕ್ಕೆ ಮತ್ತು ಕೀಲಿನ ಅಡಿಗೆ ಬಣ್ಣ ಬೀಳುವುದಿಲ್ಲ. ಅದಕ್ಕೆ ಇಳಿಸುವ ಹಿಂದಿನ ಸಂಜೆಯೇ ಎತ್ತಿ ರಾತ್ರಿಯೆಲ್ಲ ಬೆಲ್ಟಿನಲ್ಲಿ ಬಿಡಿ ಅಂತ ಕೇಳಿಕೊಳ್ಳಿ. ಎಷ್ಟೋ ಯಾರ್ಡಿನವರು ಒಪ್ಪುತ್ತಾರೆ. ಸ್ಟ್ಯಾಂಡುಗಳು ಎದುರುಬದುರು ಸರಪಳಿಯಲ್ಲಿ ಕಟ್ಟಿವೆಯಾ ಅಂತ ದಿನಾ ನೋಡಿ. ಬಿಸಿಲಿಗೆ ಟಾರ್ಪಾಲು ಹಾಕಿದರೆ ಅದರ ಹಗ್ಗವನ್ನು ಮಾತ್ರ ಸ್ಟ್ಯಾಂಡಿಗೆ ಕಟ್ಟಬೇಡಿ. ಗಾಳಿ ಬಂದರೆ ಸ್ಟ್ಯಾಂಡೇ ಕಿತ್ತು ಬರುತ್ತದೆ.

ನೀರಿಗೆ ಇಳಿಸುವಾಗ ಬೆಲ್ಟ್ ಸಡಿಲಿಸುವ ಮುಂಚೆ ಒಬ್ಬರು ಒಳಗೆ ಇರಬೇಕು. ಟಾರ್ಚ್ ಹಿಡಿದು ಪ್ರತಿ ಸೀಕಾಕ್ (ತಳದ ತೂತು ಮುಚ್ಚುವ ಕವಾಟ), ಶಾಫ್ಟ್ ಒಳಗೆ ಬರುವ ಜಾಗ, ಆ ವೇಗದ ಚಕ್ರದ ತೂತು ಎಲ್ಲ ಮುಟ್ಟಿ ನೋಡಿ. ಒಣಗಿದೆ ಅಂತ ಒಳಗಿನವರು ಕೂಗಿದ ಮೇಲೆಯೇ ಬೆಲ್ಟ್ ಬಿಡಿಸಿ. ಲಿಫ್ಟ್ ನಡೆಸುವವನು ಅವಸರ ಮಾಡುತ್ತಾನೆ, ಮಾಡಲಿ.

ಟಿಕೆಟ್ ವಿಷಯಕ್ಕೆ ಬಂದರೆ, ದೊಡ್ಡ ಉಬ್ಬರಕ್ಕೆ ಎರಡು ದಿನ ಮುಂಚೆ ತಲುಪುವ ಹಾಗೆ ಹೋಗಿ. ವಾಪಸ್ ದಿನ ಬದಲಾಯಿಸಬಹುದಾದ ಟಿಕೆಟ್ ತೆಗೆದುಕೊಳ್ಳಿ, ಜಾಸ್ತಿ ಆದರೂ ಪರವಾಗಿಲ್ಲ. ಎಂಟು ದಿನ ಸಾಲದು. ನಾನಾದರೆ ಒಂದು ದೊಡ್ಡ ಉಬ್ಬರ ತಪ್ಪಿದರೂ ಮುಂದಿನದು ಸಿಗುವಷ್ಟು, ಅದರ ಮೇಲೆ ಕೆಲಸಕ್ಕೂ ಮತ್ತೆ ನೀರಿಗೆ ಇಳಿಸುವುದಕ್ಕೂ ಸಾಕಾಗುವಷ್ಟು ದಿನ ಇಟ್ಟುಕೊಳ್ಳುತ್ತೇನೆ.

ಹಳೆಯ ಫೋಟೋ ಸಿಕ್ಕಿದರೆ ಇಲ್ಲೇ ಹಾಕಿ ಅಣ್ಣಾ. ಬೆಲ್ಟ್ ಎಲ್ಲಿ ಬರಬೇಕು ಅಂತ ಗೆರೆ ಹಾಕಿ ಕಳಿಸುತ್ತೇನೆ. ಮರೀನಾದವರು ಹೇಳಿದ ದಿನವನ್ನೂ ಬರೆಯಿರಿ, ತಿಥಿ ಇಬ್ಬರೂ ಸೇರಿ ನೋಡೋಣ.