ರಾಜ್ಯ ಸರ್ಕಾರದ ಬಗ್ಗೆ ಆನ್‌ಲೈನ್ ಕೋರ್ಸು: ಬ್ಯಾಡಗಿಯಲ್ಲಿ ಕೂತು ಓದುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಬ್ಯಾಡಗಿಯಲ್ಲಿ ಬಿ.ಕಾಂ. ಎರಡನೇ ವರ್ಷ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಜಾಲತಾಣವಾದ ಸ್ವಯಂ ಪೋರ್ಟಲ್‌ನಲ್ಲಿ ರಾಜ್ಯ ಸರ್ಕಾರದ ಬಗ್ಗೆ ಒಂದು ಆರಂಭಿಕ ಕೋರ್ಸು ತಗೊಂಡರೆ ಕ್ರೆಡಿಟ್ ಸಿಗುತ್ತದೆಯೇ, ವಾರಕ್ಕೆ ಎಷ್ಟು ಹೊತ್ತು ಬೇಕು, ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತದೆಯೇ. ಧಾರವಾಡದಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುವವನಾಗಿ ಉತ್ತರಿಸುತ್ತೇನೆ.

ಮೊದಲು ಕ್ರೆಡಿಟ್ ವಿಷಯ, ಯಾಕೆಂದರೆ ಹೆಚ್ಚಿನವರು ಇದನ್ನು ಕೊನೆಗೆ ವಿಚಾರಿಸಿ ಪೇಚಾಡುತ್ತಾರೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2021ರ ನಿಯಮಾವಳಿಯ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಲು ಅವಕಾಶವಿದೆ. ಆದರೆ ಆ ಕ್ರೆಡಿಟ್ಟನ್ನು ನಿಮ್ಮ ಅಂಕಪಟ್ಟಿಗೆ ಸೇರಿಸುವುದು ಸ್ವಯಂ ಅಲ್ಲ, ನಿಮ್ಮ ವಿಶ್ವವಿದ್ಯಾಲಯ. ನಿಮ್ಮ ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಹೊಸ ಹಾವೇರಿ ವಿಶ್ವವಿದ್ಯಾಲಯಕ್ಕೋ ನೋಡಿಕೊಳ್ಳಿ. ನೀವು ಆರಿಸಿದ ಕೋರ್ಸಿನ ಹೆಸರು, ಕ್ರೆಡಿಟ್ ಸಂಖ್ಯೆ, ವಾರವಾರು ಪಠ್ಯ ಇಷ್ಟನ್ನೂ ಒಂದು ಹಾಳೆಯಲ್ಲಿ ಮುದ್ರಿಸಿಕೊಂಡು ಪ್ರಾಂಶುಪಾಲರಿಗೆ ಅರ್ಜಿ ಕೊಡಿ, ಒಪ್ಪಿಗೆಯನ್ನು ಬರವಣಿಗೆಯಲ್ಲೇ ತಗೊಳ್ಳಿ. "ಮಾಡಿ, ಆಮೇಲೆ ನೋಡೋಣ" ಎಂಬ ಬಾಯಿಮಾತನ್ನು ನಂಬಿ ಹನ್ನೆರಡು ವಾರ ದುಡಿಯಬೇಡಿ.

ಎರಡನೆಯದು: ಕೋರ್ಸಿಗೆ ಸೇರುವುದೇ ಬೇರೆ, ಪರೀಕ್ಷೆಗೆ ನೋಂದಾಯಿಸುವುದೇ ಬೇರೆ. ಸೇರುವುದು ಪುಕ್ಕಟೆ. ಪ್ರಮಾಣಪತ್ರ ಬೇಕಾದರೆ ನಡುವೆ ಪ್ರತ್ಯೇಕ ಅರ್ಜಿ ತುಂಬಿ ಶುಲ್ಕ ಕಟ್ಟಬೇಕು, ಪರೀಕ್ಷಾ ಕೇಂದ್ರದ ಊರನ್ನು ಆಗಲೇ ಆರಿಸಬೇಕು. ಪಾಠವೆಲ್ಲ ಮುಗಿಸಿ, ಅಸೈನ್‌ಮೆಂಟೆಲ್ಲ ಕೊಟ್ಟು, ಈ ಒಂದು ಅರ್ಜಿ ತಪ್ಪಿಸಿಕೊಂಡವರು ಪ್ರತಿ ಸಲ ಇದ್ದೇ ಇರುತ್ತಾರೆ. ಕೋರ್ಸುಗಳು ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಸೇರಿದ ದಿನದಿಂದಲೇ ಕೋರ್ಸಿನ ಪ್ರಕಟಣೆಗಳು ಬರುವ ಇಮೇಲನ್ನು ವಾರಕ್ಕೆರಡು ಸಲ ತೆರೆದು ನೋಡಿ.

ಹೆಸರಿನ ತೊಂದರೆಯೂ ನಮ್ಮ ಕಡೆ ಜಾಸ್ತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಅಡ್ಡಹೆಸರು ಬಿಡಿಸಿ ಬರೆದದ್ದು, ಕಾಲೇಜಿನ ದಾಖಲೆಯಲ್ಲಿ ತಂದೆಯ ಹೆಸರು ನಡುವೆ. ಹೀಗೆ ಮೂರು ಕಡೆ ಮೂರು ಥರ ಇದ್ದರೆ ನಿಮ್ಮ ಕ್ರೆಡಿಟ್ಟುಗಳು ಜಮೆಯಾಗುವ ಕ್ರೆಡಿಟ್ ಬ್ಯಾಂಕಿನ (ಎಬಿಸಿ) ಐಡಿಗೂ ಪ್ರಮಾಣಪತ್ರಕ್ಕೂ ತಾಳೆಯಾಗುವುದಿಲ್ಲ. ಸ್ವಯಂ ಪ್ರೊಫೈಲ್ ತುಂಬುವ ಮೊದಲೇ ಇವನ್ನು ಸರಿಮಾಡಿಸಿಕೊಳ್ಳಿ.

ಇನ್ನು ಕೋರ್ಸಿನ ಆಯ್ಕೆ. "ಸ್ಟೇಟ್" ಎಂಬ ಪದ ಕಂಡಕೂಡಲೇ ಸೇರಿಬಿಡಬೇಡಿ. ರಾಜ್ಯಶಾಸ್ತ್ರದಲ್ಲಿ ಆ ಪದಕ್ಕೆ ಕರ್ನಾಟಕದಂಥ ರಾಜ್ಯ ಎಂಬ ಅರ್ಥವೂ ಉಂಟು, ಪ್ರಭುತ್ವ ಎಂಬ ಅರ್ಥವೂ ಉಂಟು. ಸಂವಿಧಾನದ 12ನೇ ವಿಧಿಯಲ್ಲಿ ಬರುವ ಸ್ಟೇಟ್ ಎಂದರೆ ಕೇಂದ್ರ, ರಾಜ್ಯ, ಪುರಸಭೆ ಎಲ್ಲವೂ ಸೇರಿದ ಆಳುವ ವ್ಯವಸ್ಥೆ. ಪ್ರಭುತ್ವದ ಸಿದ್ಧಾಂತದ ಕೋರ್ಸು ನಿಮಗೆ ಬೇಕಾದದ್ದಲ್ಲ. ರಾಜ್ಯ ರಾಜಕಾರಣದ ಕೋರ್ಸು ಪಕ್ಷ, ಜಾತಿ, ಚುನಾವಣೆಗಳ ಸುತ್ತ ಇರುತ್ತದೆ. ಅದೂ ಒಳ್ಳೆಯದೇ, ಆದರೆ ಎರಡನೇ ಹೆಜ್ಜೆ. ವಾರವಾರು ಪಟ್ಟಿಯಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿ ಮತ್ತು ಮಂತ್ರಿಮಂಡಲ, ಎರಡು ಸದನಗಳು, ಹೈಕೋರ್ಟು, ಕೇಂದ್ರ-ರಾಜ್ಯ ಸಂಬಂಧ, ಸ್ಥಳೀಯ ಸಂಸ್ಥೆಗಳು ಇವಿಷ್ಟು ಕಂಡರೆ ಅದೇ ಸರಿಯಾದ ಕೋರ್ಸು. ಬಹುಪಾಲು ಇದು ಭಾರತ ಸರ್ಕಾರ ಮತ್ತು ರಾಜಕೀಯ ಎಂಬಂಥ ಹೆಸರಿನ ಕೋರ್ಸಿನೊಳಗೇ ಇರುತ್ತದೆ.

ನಾಲ್ಕು ಕ್ರೆಡಿಟ್ಟಿನದಾದರೆ ವಾರಕ್ಕೆ ಆರು ತಾಸು ಎತ್ತಿಡಿ. ವಿಡಿಯೋಗೆ ಎರಡು ತಾಸು ಸಾಕು. ಎರಡು ತಾಸು ಸಂವಿಧಾನದ ಮೂಲಪಠ್ಯಕ್ಕೆ, ಒಂದು ಪದಗಳಿಗೆ, ಒಂದು ಅಸೈನ್‌ಮೆಂಟಿಗೆ. ವಿಡಿಯೋ ಮೂರು ಮೂರು ಸಲ ನೋಡಿ ಮೂಲಪಠ್ಯ ತೆರೆಯದವರೇ ಪರೀಕ್ಷೆಯಲ್ಲಿ ಎಡವುತ್ತಾರೆ, ಯಾಕೆಂದರೆ ಪ್ರಶ್ನೆಗಳು ನಿಲ್ಲುವುದು "ಮಾಡಬಹುದು", "ಮಾಡತಕ್ಕದ್ದು" ಎಂಬ ವ್ಯತ್ಯಾಸದ ಮೇಲೆ. ಆರನೇ ಭಾಗ, 152ರಿಂದ 237ರವರೆಗಿನ ವಿಧಿಗಳು, ನಿಮ್ಮ ಇಡೀ ಕೋರ್ಸಿನ ಬೆನ್ನೆಲುಬು. ಕನ್ನಡ ಅನುವಾದವನ್ನೂ ಇಂಗ್ಲಿಷ್ ಪಠ್ಯವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಕನ್ನಡದಲ್ಲಿ ಕೆಲವು ಕಡೆ ವಿಧಿ ಎಂದೂ ಕೆಲವು ಕಡೆ ಅನುಚ್ಛೇದ ಎಂದೂ ಇರುತ್ತದೆ. ಎರಡೂ ಒಂದೇ.

ಇಂಗ್ಲಿಷಿಗೆ ಹೆದರಬೇಡಿ. ಇಡೀ ಕೋರ್ಸಿನಲ್ಲಿ ನಿಜಕ್ಕೂ ಕಾಡುವ ಪದಗಳು ಅರವತ್ತೆಪ್ಪತ್ತು ಇರಬಹುದು, ಅವುಗಳಲ್ಲಿ ಅರ್ಧ ನಿಮಗೆ ಕನ್ನಡ ಪತ್ರಿಕೆಯಿಂದ ಗೊತ್ತಿರುವಂಥವೇ. ಬಿಲ್ ಎಂದರೆ ಪತ್ರಿಕೆಯಲ್ಲಿ ಮಸೂದೆ, ವಿಧಾನಮಂಡಲದ ಕಾಗದದಲ್ಲಿ ವಿಧೇಯಕ. ಆರ್ಡಿನೆನ್ಸ್ ಸುಗ್ರೀವಾಜ್ಞೆ, ಅಸೆಂಟ್ ಅಂಕಿತ, ವೋಟ್ ಆನ್ ಅಕೌಂಟ್ ಲೇಖಾನುದಾನ. ಗೊತ್ತಿದೆ ಎನಿಸಿದ ಪದವೇ ಮೋಸ ಮಾಡುವುದೂ ಉಂಟು. ಧನ ವಿಧೇಯಕ ಮತ್ತು ಹಣಕಾಸು ವಿಧೇಯಕ ಕನ್ನಡದಲ್ಲಿ ಒಂದೇ ಥರ ಕೇಳಿಸುತ್ತವೆ, ಸಂವಿಧಾನದಲ್ಲಿ ಬೇರೆ ಬೇರೆ. 199ನೇ ವಿಧಿಯ ಧನ ವಿಧೇಯಕವನ್ನು ವಿಧಾನ ಪರಿಷತ್ತು 14 ದಿನಕ್ಕಿಂತ ಹೆಚ್ಚು ಹಿಡಿದಿಡಲಾರದು. ಅಧಿನಿಯಮ, ನಿಯಮ, ಅಧಿಸೂಚನೆ, ಆದೇಶ, ಸುತ್ತೋಲೆ ಎಂಬ ಐದನ್ನು ಕಲಸಿಬಿಡುವುದು ಇನ್ನೊಂದು ತಪ್ಪು. ಮೊದಲನೆಯದನ್ನು ಸದನ ಮಾಡುತ್ತದೆ, ಉಳಿದವು ಕಾರ್ಯಾಂಗದಿಂದ ಬರುತ್ತವೆ.

ಓದುವ ಕ್ರಮದಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಒಂದೇ: ಪ್ರತಿ ವಾರದ ಪಾಠಕ್ಕೂ ನಿಮ್ಮ ಊರಿನ ಒಂದು ವಸ್ತು ಅಥವಾ ಕಾಗದವನ್ನು ಎದುರಿಗಿಟ್ಟುಕೊಳ್ಳಿ. ಇಲ್ಲದಿದ್ದರೆ ರಾಜ್ಯ ಸರ್ಕಾರವೆಂದರೆ ಬೆಂಗಳೂರಿನ ಒಂದು ಕಟ್ಟಡದ ಚಿತ್ರವಾಗಿ ಉಳಿದುಬಿಡುತ್ತದೆ.

ಯಾವ ವಿಷಯಕ್ಕೆ ಕೇಂದ್ರ, ಯಾವುದಕ್ಕೆ ರಾಜ್ಯ, ಯಾವುದಕ್ಕೆ ಇಬ್ಬರೂ (ಸಮವರ್ತಿ) ಕಾನೂನು ಮಾಡಬಹುದೆಂದು ಹೇಳುವ ಏಳನೇ ಅನುಸೂಚಿಯ ಮೂರು ಪಟ್ಟಿಗಳ ಪಾಠಕ್ಕೆ ನಿಮ್ಮಲ್ಲಿ ಒಣಮೆಣಸಿನಕಾಯಿ ಚೀಲಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬೆಳೆಯುವುದು ಕೃಷಿ, ರಾಜ್ಯ ಪಟ್ಟಿಯ 14ನೇ ನಮೂದು. ಚೀಲ ಎಪಿಎಂಸಿ ಅಂಗಳಕ್ಕೆ ಬಂತು, ಅದು ಮಾರುಕಟ್ಟೆ, ರಾಜ್ಯ ಪಟ್ಟಿಯ 28. ಅದಕ್ಕೆಂದೇ ಕರ್ನಾಟಕಕ್ಕೆ 1966ರ ತನ್ನದೇ ಕಾಯ್ದೆ ಇದೆ. ಪುಡಿಯಲ್ಲಿ ಬಣ್ಣ ಬೆರೆಸಿದರೆ ಕಲಬೆರಕೆ, ಅದು ಸಮವರ್ತಿ ಪಟ್ಟಿಯ 18, ಹಾಗಾಗಿ ಸಂಸತ್ತಿನ 2006ರ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುತ್ತದೆ. ಹೊರದೇಶಕ್ಕೆ ಕಳಿಸಿದರೆ ಕೇಂದ್ರ ಪಟ್ಟಿಯ 41. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಸಿಕ್ಕ ಭೌಗೋಳಿಕ ಸೂಚಿಯ ಮಾನ್ಯತೆ ಬಂದದ್ದೂ ಸಂಸತ್ತಿನ ಕಾಯ್ದೆಯಿಂದ. ಜಿಎಸ್‌ಟಿ ತೆರಿಗೆಗೆ ಬಂದರೆ ಪಟ್ಟಿಗಳನ್ನೇ ದಾಟಿ 246ಎ ವಿಧಿಗೆ ಹೋಗಬೇಕು, ಅದು 2016ರ 101ನೇ ತಿದ್ದುಪಡಿ. ಇದನ್ನು ಒಂದು ಪುಟದಲ್ಲಿ ನೀವೇ ಬರೆದು ನೋಡಿ, ಪಟ್ಟಿಗಳನ್ನು ಉರು ಹೊಡೆಯುವ ಅಗತ್ಯ ಬೀಳುವುದಿಲ್ಲ. ಹಾಗೆಯೇ ಹುಬ್ಬಳ್ಳಿಗೆ ಹೋದಾಗ ಗಮನಿಸಿ: ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಕೇಂದ್ರದ್ದು, ವಾಯವ್ಯ ಸಾರಿಗೆಯದು ರಾಜ್ಯದ ನಿಗಮ, ಹೆಸ್ಕಾಂ ಕೊಡುವ ವಿದ್ಯುತ್ತು ಸಮವರ್ತಿ ಪಟ್ಟಿಯ ವಿಷಯ, ನಲ್ಲಿ-ಗಟಾರ ಪಾಲಿಕೆಯದು. ಎಲ್ಲವೂ ಒಂದೇ ಊರಿನಲ್ಲಿ.

ಕಾರ್ಯಾಂಗದ ವಾರಕ್ಕೆ ಯಾವುದಾದರೂ ಇಲಾಖೆಯ ಜಾಲತಾಣದಿಂದ ಒಂದು ಸರ್ಕಾರಿ ಆದೇಶ ಇಳಿಸಿಕೊಳ್ಳಿ. ತಲೆಯಲ್ಲಿ "ಕರ್ನಾಟಕ ಸರ್ಕಾರದ ನಡವಳಿಗಳು" ಎಂದಿರುತ್ತದೆ. ಕೆಳಗೆ "ಓದಲಾಗಿದೆ" ಎಂದು ಹಿಂದಿನ ಆದೇಶ, ಪತ್ರಗಳ ಪಟ್ಟಿ. ಆಮೇಲೆ ಪ್ರಸ್ತಾವನೆ, ಅಂದರೆ ಯಾಕೆ ಈ ಆದೇಶ ಎಂಬ ಕಾರಣ. ನಂತರ ಆದೇಶ ಸಂಖ್ಯೆ, ದಿನಾಂಕ, ಆದೇಶದ ಸಾಲುಗಳು. ಕೊನೆಗೆ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ", ಅದರಡಿ ಹೆಚ್ಚಾಗಿ ಅಧೀನ ಕಾರ್ಯದರ್ಶಿಯ ಸಹಿ. ರಾಜ್ಯಪಾಲರು ಆ ಕಡತವನ್ನು ಕಂಡೇ ಇರುವುದಿಲ್ಲ. ಹಾಗಾದರೆ ಅವರ ಹೆಸರು ಯಾಕೆ? 154ನೇ ವಿಧಿ ಕಾರ್ಯಾಂಗದ ಅಧಿಕಾರವನ್ನು ಅವರಲ್ಲಿ ಇಟ್ಟಿದೆ, 163 ಮಂತ್ರಿಮಂಡಲದ ಸಲಹೆಯನ್ನು ಹೇಳುತ್ತದೆ, 166 ಎಲ್ಲ ಆದೇಶಗಳೂ ಅವರ ಹೆಸರಿನಲ್ಲೇ ಹೊರಡಬೇಕೆನ್ನುತ್ತದೆ. ಯಾವ ಕಡತ ಯಾರ ಮಟ್ಟದಲ್ಲಿ ತೀರ್ಮಾನವಾಗಬೇಕು ಎಂಬುದಕ್ಕೆ 166ರ ಅಡಿಯಲ್ಲೇ ಮಾಡಿದ 1977ರ ಕಾರ್ಯಕಲಾಪ ನಿರ್ವಹಣಾ ನಿಯಮಗಳಿವೆ. ನಾಮಮಾತ್ರ ಮುಖ್ಯಸ್ಥ, ನೈಜ ಮುಖ್ಯಸ್ಥ ಎಂದು ಪುಸ್ತಕ ಹೇಳುವುದು ಆ ಒಂದು ಸಾಲು, ಆ ಒಂದು ಸಹಿಯಲ್ಲಿ ಕಣ್ಣಿಗೆ ಬೀಳುತ್ತದೆ.

ರಾಷ್ಟ್ರಪತಿ ಆಳ್ವಿಕೆಯ ಕುರಿತ 356ನೇ ವಿಧಿಯ ಪಾಠದಲ್ಲಿ ಬರುವ ಬೊಮ್ಮಾಯಿ ಪ್ರಕರಣವನ್ನಂತೂ ನಮ್ಮ ಕಡೆಯವರು ಅರೆಬರೆ ಓದಬಾರದು. ಎಸ್.ಆರ್. ಬೊಮ್ಮಾಯಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರು, 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿಯಾದವರು. ಬೆಂಬಲ ಹಿಂತೆಗೆದ ಶಾಸಕರ ಪತ್ರಗಳನ್ನು ನೆಚ್ಚಿ ರಾಜ್ಯಪಾಲರು ವರದಿ ಕಳಿಸಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆಂಬ ಬೊಮ್ಮಾಯಿಯವರ ಮಾತಿಗೆ ಅವಕಾಶ ಸಿಗಲಿಲ್ಲ. 1989ರ ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂದದ್ದು 1994ರ ಮಾರ್ಚ್ 11ರಂದು: ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಸಂಸತ್ತು ಒಪ್ಪುವ ಮೊದಲು ವಿಧಾನಸಭೆ ವಿಸರ್ಜಿಸುವಂತಿಲ್ಲ. ತೀರ್ಪಿನಿಂದ ಬೊಮ್ಮಾಯಿ ಸರ್ಕಾರ ಮರಳಿ ಬಂತು ಎಂದು ಬರೆಯುವವರಿದ್ದಾರೆ, ತಪ್ಪು. ಅಷ್ಟರಲ್ಲಿ 1989ರ ಚುನಾವಣೆಯೇ ಆಗಿಹೋಗಿತ್ತು.

ವಿಧಾನ ಪರಿಷತ್ತಿನ 75 ಸ್ಥಾನಗಳ ಲೆಕ್ಕ ಹೀಗೆ: ಶಾಸಕರಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣ 11. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ನಾಲ್ಕೂ ಜಿಲ್ಲೆ ಸೇರಿ ಪಶ್ಚಿಮ ಪದವೀಧರ ಕ್ಷೇತ್ರ ಮತ್ತು ಪಶ್ಚಿಮ ಶಿಕ್ಷಕರ ಕ್ಷೇತ್ರ. ಪದವಿ ಮುಗಿದು ಮೂರು ವರ್ಷ ಆದಮೇಲೆ ನೀವೂ ನಮೂನೆ 18 ತುಂಬಿ ಪದವೀಧರ ಮತದಾರರಾಗಬಹುದು. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಇದಕ್ಕೆ ಪಟ್ಟಿಯೇ ಬೇರೆ.

ಜಿಲ್ಲೆಯ ಗಡಿ, ಲೋಕಸಭಾ ಕ್ಷೇತ್ರದ ಗಡಿ ಒಂದೇ ಎಂದುಕೊಳ್ಳುವುದೂ ಸಾಮಾನ್ಯ ತಪ್ಪು. ಶಿಗ್ಗಾವಿ ಹಾವೇರಿ ಜಿಲ್ಲೆಯದು, ಲೋಕಸಭೆಗೆ ಧಾರವಾಡ. ನರಗುಂದ ಗದಗ ಜಿಲ್ಲೆಯದು, ಲೋಕಸಭೆಗೆ ಬಾಗಲಕೋಟೆ. ನಿಮ್ಮ ಬ್ಯಾಡಗಿ ಮಾತ್ರ ಎರಡಕ್ಕೂ ಹಾವೇರಿಯೇ.

ಹಳೇ ವಿಡಿಯೋಗಳ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ವಿಧಾನಸಭೆಯ ಬಲ 225 ಎಂದು ಕೇಳಿಸಿದರೆ ಅದು 2020ಕ್ಕೆ ಮುಂಚಿನದು. 104ನೇ ತಿದ್ದುಪಡಿಯಿಂದ ಆಂಗ್ಲೋ-ಇಂಡಿಯನ್ ನಾಮಕರಣ ನಿಂತು ಈಗ 224. ಮಂತ್ರಿಗಳ ಸಂಖ್ಯೆಗೆ ವಿಧಾನಸಭೆಯ ಬಲದ ಶೇ. 15ರ ಮಿತಿ ಬಂದದ್ದು 2003ರ 91ನೇ ತಿದ್ದುಪಡಿಯಿಂದ. ನಮ್ಮಲ್ಲಿ ಅದನ್ನು ಮುಖ್ಯಮಂತ್ರಿ ಸೇರಿ 34 ಎಂದು ಲೆಕ್ಕ ಹಿಡಿಯುತ್ತಾರೆ. ಹೈಕೋರ್ಟಿನ ಧಾರವಾಡ ಪೀಠವನ್ನು ಸಂಚಾರಿ ಪೀಠ ಎಂದು ಯಾರಾದರೂ ಹೇಳಿದರೆ ಅದೂ ಹಳತು, 2013ರಿಂದ ಅದು ಕಾಯಂ. ಸಹಕಾರ ಸಂಘಗಳ ಕುರಿತ 97ನೇ ತಿದ್ದುಪಡಿಯನ್ನು ಪೂರ್ತಿ ಜಾರಿಯಲ್ಲಿದೆ ಎಂಬಂತೆ ಹೇಳುವ ಪಾಠಗಳೂ ಇವೆ. ರಾಜ್ಯಗಳ ಅನುಮೋದನೆ ಪಡೆದಿರಲಿಲ್ಲ ಎಂಬ ಕಾರಣಕ್ಕೆ ರಾಜ್ಯದ ಸಹಕಾರ ಸಂಘಗಳಿಗೆ ಸಂಬಂಧಿಸಿದ ಭಾಗವನ್ನು ಸುಪ್ರೀಂ ಕೋರ್ಟು 2021ರಲ್ಲಿ ರದ್ದು ಮಾಡಿತು. 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಗದಗ ತಾಲ್ಲೂಕಿನಲ್ಲೇ ಇರುವಾಗ ಈ ತೀರ್ಪು ನಮಗೆ ದೂರದ ಮಾತಾಗಬಾರದು.

ಅಂಕಗಳು: ಸಾಮಾನ್ಯವಾಗಿ ಅಸೈನ್‌ಮೆಂಟಿಗೆ ಶೇ. 30, ಅಂತಿಮ ಪರೀಕ್ಷೆಗೆ ಶೇ. 70. ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ 25 ಮತ್ತು 75. ಅಸೈನ್‌ಮೆಂಟು, ಪರೀಕ್ಷೆ ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಅಸೈನ್‌ಮೆಂಟನ್ನು ಕೊನೇ ರಾತ್ರಿಗೆ ಇಡಬೇಡಿ, ಕರೆಂಟು ಹೋದರೂ ನೆಟ್ ಹೋದರೂ ಗಡುವು ನಿಮಗೋಸ್ಕರ ಮುಂದಕ್ಕೆ ಹೋಗುವುದಿಲ್ಲ. ಎರಡು ದಿನ ಮುಂಚೆ ಕಳಿಸಿ, ಕಳಿಸಿದ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ಪರೀಕ್ಷೆಗೆ ಹತ್ತು ದಿನ ಇರುವಾಗ ವಿಡಿಯೋ ನಿಲ್ಲಿಸಿ. 163, 164, 169, 171, 174, 197ರಿಂದ 201, 213, 356 ಇಷ್ಟು ವಿಧಿಗಳನ್ನು ಮೂಲದಲ್ಲೇ ಇನ್ನೊಮ್ಮೆ ಓದಿ, ಅವಧಿ ಹೇಳುವ ವಿಧಿಗಳ ಪಕ್ಕ ಆ ಅವಧಿಯನ್ನು ಬರೆದುಕೊಳ್ಳಿ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು, ಸದನ ಸೇರಿದ ಮೇಲೆ ಸುಗ್ರೀವಾಜ್ಞೆಗೆ ಆರು ವಾರ, ಸಾಮಾನ್ಯ ವಿಧೇಯಕಕ್ಕೆ ಪರಿಷತ್ತಿನಲ್ಲಿ ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು. ಆರು ವಾರ ಮತ್ತು ಆರು ತಿಂಗಳು ಅದಲುಬದಲಾಗುವುದು ಇಲ್ಲೇ.