ಊರಿನ ಜನರನ್ನು ಕೂರಿಸಿ ಕೇಳಿದರೆ ಏನಾಗುತ್ತದೆ?

"ನೀತಿ ರೂಪಿಸುವುದು ತಿಳಿದವರ ಕೆಲಸ. ಜನಸಾಮಾನ್ಯರನ್ನು ಕೂರಿಸಿಕೊಂಡು ಚರ್ಚಿಸಿದರೆ ಗಲಾಟೆ ಬಿಟ್ಟು ಬೇರೇನಾದರೂ ಆಗುತ್ತದೆಯೇ? ಗ್ರಾಮಸಭೆಗೆ ಹೋಗಿ ಪ್ರಯೋಜನವಿದೆಯೇ?" ಎಂದು ಕೇಳಿದ್ದೀರಿ. ಗಲಾಟೆಯೂ ಆಗುತ್ತದೆ, ಪ್ರಯೋಜನವೂ ಆಗುತ್ತದೆ. ಎರಡನ್ನೂ ಹತ್ತಿರದಿಂದ ಕಂಡಿದ್ದೇನೆ.

ನಮ್ಮೂರಿನ ಮೇಲಿನ ಕೇರಿಗೆ ನೀರು ಸಾಲದು, ಹೊಸ ಕೊಳವೆಬಾವಿ ಕೊರೆಸಬೇಕು ಎಂಬ ಬೇಡಿಕೆ ಎರಡು ವರ್ಷದಿಂದ ಇತ್ತು. ವಾರ್ಡ್ ಸಭೆಯಲ್ಲಿ ಅದನ್ನು ಕ್ರಿಯಾಯೋಜನೆಗೆ ಸೇರಿಸಿ ಮುಗಿಸುವುದೆಂದು ಎಲ್ಲರೂ ಅಂದುಕೊಂಡಿದ್ದೆವು. ಶಾಲೆಯ ಕೊಠಡಿಯಲ್ಲಿ ನಲವತ್ತು ಜನ ಸೇರಿದ್ದೆವು. ಬಾಗಿಲ ಬಳಿ ಕುಳಿತಿದ್ದ ಅಜ್ಜಿಯೊಬ್ಬರು ಎದ್ದು ನೀರುಗಂಟಿಯನ್ನೇ ಮಾತನಾಡಿಸಿದರು: "ನೀನು ವಾಲ್ವ್ ತಿರುಗಿಸುವುದು ಹತ್ತು ಗಂಟೆಗೆ ಕಣಪ್ಪ. ಅಷ್ಟು ಹೊತ್ತಿಗೆ ನಾವೆಲ್ಲ ಕೂಲಿಗೆ ಹೋಗಿರುತ್ತೇವೆ. ನೀರು ಬರುತ್ತದೆ, ಹಿಡಿಯುವವರಿಲ್ಲ." ನೀರುಗಂಟಿ ತನ್ನ ಕಷ್ಟ ಹೇಳಿಕೊಂಡ. ಕರೆಂಟು ಬಂದ ಮೇಲೆ ಟ್ಯಾಂಕ್ ತುಂಬಬೇಕು, ಕೆಳಗಿನ ಕೇರಿಗೆ ಮೊದಲು ಬಿಡುವುದು ಹಿಂದಿನಿಂದ ಬಂದ ವಾಡಿಕೆ, ಎರಡೂ ಕೇರಿಗೆ ಒಂದೇ ವಾಲ್ವ್. ಕೆಳಗಿನ ಕೇರಿಯವರು ದನಿ ಏರಿಸಿದರು. ಒಂದು ಗಂಟೆ ಮಾತು ನಡೆಯಿತು. ಕೊನೆಗೆ ಮೇಲಿನ ಕೇರಿಗೆ ಪ್ರತ್ಯೇಕ ವಾಲ್ವ್ ಹಾಕಿಸುವುದು, ದಿನ ಬಿಟ್ಟು ದಿನ ಬೆಳಗಿನ ಜಾವ ಅವರ ಸರದಿ, ತಿಂಗಳಾದ ಮೇಲೆ ಮತ್ತೆ ಕುಳಿತು ನೋಡುವುದು ಎಂದಾಯಿತು. ಕೊಳವೆಬಾವಿಯ ಹಣ ಚರಂಡಿಗೆ ಉಳಿಯಿತು. ಅಜ್ಜಿ ಹೇಳಿದ ಸಂಗತಿ ಯಾವ ಅಂದಾಜುಪಟ್ಟಿಯಲ್ಲೂ ಇರಲಿಲ್ಲ, ಏಕೆಂದರೆ ಅವರನ್ನು ಯಾರೂ ಕೇಳಿರಲಿಲ್ಲ. ಕೊಳವೆಬಾವಿ ಬೇಕೆಂದು ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಅಹವಾಲು ಕೊಡುವುದೇ ಬೇರೆ, ಚರ್ಚಿಸುವುದೇ ಬೇರೆ. ಅಹವಾಲಿನಲ್ಲಿ ನಾನು ಅಧಿಕಾರಿಯ ಕಡೆ ಮುಖ ಮಾಡಿ ಕೈಚಾಚುತ್ತೇನೆ. ಚರ್ಚೆಯಲ್ಲಿ ಪಕ್ಕದ ಕೇರಿಯವನಿಗೆ ಕಾರಣ ಕೊಟ್ಟು ಒಪ್ಪಿಸಬೇಕಾಗುತ್ತದೆ, ಅವನ ಕಾರಣವನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. ನಮ್ಮ ಬಹುಪಾಲು ಗ್ರಾಮಸಭೆಗಳು ಅಹವಾಲಿನಲ್ಲೇ ನಿಂತುಬಿಡುತ್ತವೆ ಎಂಬುದು ನನ್ನ ಕೊರಗು.

ಕಾನೂನಿನಲ್ಲಿ ಕೊರತೆಯಿಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು, ಅದಕ್ಕೂ ಮೊದಲು ವಾರ್ಡ್ ಸಭೆಗಳಾಗಬೇಕು. ಅದಕ್ಕೂ ಹಿಂದೆ, 1983ರ ಕಾಯ್ದೆಯಲ್ಲೇ ನಮ್ಮ ರಾಜ್ಯ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತ್ತು. ಅದರ ಹಿಂದಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ಇಂದಿಗೂ 'ನೀರ್ ಸಾಬ್' ಎಂದೇ ನೆನೆಯುತ್ತಾರೆ. ಹಳ್ಳಿಗಳಿಗೆ ಕೊಳವೆಬಾವಿಯ ನೀರು ಕೊಡಿಸಿದ ಸಚಿವರೇ ಹಳ್ಳಿಗಳ ಕೈಗೆ ಅಧಿಕಾರವನ್ನೂ ಕೊಡಿಸಿದರು ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಹಾಗಿದ್ದರೂ ನೀರಿನ ಚರ್ಚೆ ನಡೆದ ವರ್ಷವೇ ನಮ್ಮ ಗ್ರಾಮಸಭೆಯಲ್ಲಿ ನಡೆದದ್ದು ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿ ಓದುವುದು ಮಾತ್ರ. ಹೆಸರು ಬಂದವರು ಎದ್ದು ಹೋದರು, ಬಾರದವರು ಕೂಗಾಡಿದರು. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಸಾಲದೆ ಮರುದಿನ ಪುಸ್ತಕ ಹಿಡಿದು ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡರು. ಪುಸ್ತಕದಲ್ಲಿ ಆ ಸಭೆ ಯಶಸ್ವಿಯಾಗಿದೆ. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ. ಎಷ್ಟು ಹಣ ಬಂದಿದೆ, ಯಾವುದಕ್ಕೆ ಖರ್ಚು ಮಾಡಬಹುದು ಎಂದು ಜನರಿಗೆ ಮೊದಲೇ ತಿಳಿಸಿರಲಿಲ್ಲ. ಉದಾಹರಣೆಗೆ, 2021ರಿಂದ 2026ರ ಅವಧಿಯ 15ನೇ ಹಣಕಾಸು ಆಯೋಗದಿಂದ ಪಂಚಾಯಿತಿಗಳಿಗೆ ಬಂದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಇದು ಗೊತ್ತಿಲ್ಲದವರು ಸಭೆಯಲ್ಲಿ ಕುಳಿತು ಆ ಹಣದಲ್ಲಿ ರಸ್ತೆ ಮಾಡಿಸಿ ಎಂದು ಕೇಳಿದರೆ ತಪ್ಪು ಅವರದ್ದಲ್ಲ.

"ಸೂಕ್ಷ್ಮ ವಿಷಯಗಳು ಜನರಿಗೆ ಅರ್ಥವಾಗುತ್ತವೆಯೇ?" ಎಂಬ ನಿಮ್ಮ ಅನುಮಾನಕ್ಕೆ ಒಡಿಶಾದ ನಿಯಮಗಿರಿಯನ್ನು ನೋಡಿ. ಬೆಟ್ಟದ ಬಾಕ್ಸೈಟ್ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ, ಅಲ್ಲಿನವರ ಧಾರ್ಮಿಕ ಮತ್ತು ಸಾಂಸ್ಕೃತಿಕ ಹಕ್ಕಿನ ಪ್ರಶ್ನೆಯನ್ನು ಗ್ರಾಮಸಭೆಗಳೇ ಪರಿಶೀಲಿಸಲಿ ಎಂದಿತು. ರಾಯಗಡ ಮತ್ತು ಕಾಲಾಹಂಡಿ ಜಿಲ್ಲೆಗಳ 12 ಹಳ್ಳಿಗಳಲ್ಲಿ, ನ್ಯಾಯಾಧೀಶರ ಸಮ್ಮುಖದಲ್ಲಿ, ಮಳೆಗಾಲದ ನಡುವೆ ಸಭೆಗಳಾದವು. ಆ ಬೆಟ್ಟದ ಬುಡಕಟ್ಟಿನವರಾದ ಡೊಂಗ್ರಿಯಾ ಕೊಂಧರು ಮತ್ತು ನೆರೆಹೊರೆಯವರು ಬೆಟ್ಟದ ತೊರೆ, ಕಾಡು, ತಮ್ಮ ದೈವ ನಿಯಮರಾಜ, ಎಲ್ಲವನ್ನೂ ಒಂದೊಂದಾಗಿ ಮುಂದಿಟ್ಟು ಮಾತನಾಡಿದರು. ಹನ್ನೆರಡಕ್ಕೆ ಹನ್ನೆರಡೂ ಸಭೆಗಳು ಬೇಡವೆಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಯೋಜನೆಯನ್ನು ತಿರಸ್ಕರಿಸಿತು. ಆ ಸಭೆಗಳ ಮಾತಿಗೆ ತೂಕ ಬಂದದ್ದು ಅದರ ಮೇಲೆ ತೀರ್ಮಾನ ನಿಂತಿದೆ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ. ಐರ್ಲೆಂಡಿನಲ್ಲೂ ಗರ್ಭಪಾತದಂತಹ ವಿಷಯವನ್ನು ಮೊದಲು ಚರ್ಚಿಸಿದ್ದು ಮತದಾರರ ನಡುವಿನಿಂದ ಆರಿಸಿದ 99 ಮಂದಿ ಸಾಮಾನ್ಯರು. ವಾರಾಂತ್ಯಗಳಲ್ಲಿ ಕುಳಿತು ತಜ್ಞರನ್ನೂ ಎರಡೂ ಪಕ್ಷದವರನ್ನೂ ಕೇಳಿ ಅವರು ಶಿಫಾರಸು ಕೊಟ್ಟರು. 2018ರಲ್ಲಿ ಜನಮತಗಣನೆ ನಡೆದು ಸಂವಿಧಾನವೇ ಬದಲಾಯಿತು.

ಆದ್ದರಿಂದ ನಿಮ್ಮ ಊರಿನ ಗ್ರಾಮಸಭೆಗೆ ಹೋಗಿ. ಹೋಗುವ ಮೊದಲು ಪಂಚಾಯಿತಿ ಕಚೇರಿಯಲ್ಲಿ ಹಿಂದಿನ ಸಭೆಯ ನಡಾವಳಿ ಕೇಳಿ ಓದಿಕೊಳ್ಳಿ. ಸಭೆ ಆರಂಭವಾದ ಕೂಡಲೇ, ಹಿಂದಿನ ತೀರ್ಮಾನಗಳಲ್ಲಿ ಯಾವುದು ಜಾರಿಯಾಗಿದೆ, ಯಾವುದು ಏಕೆ ಆಗಿಲ್ಲ ಎಂದು ಕೇಳಿ. ಒಬ್ಬರೇ ಕೇಳಿದರೆ ಉತ್ತರ ತೇಲಿಸಿಬಿಡುತ್ತಾರೆ, ಮೂರ್ನಾಲ್ಕು ಮನೆಯವರು ಒಟ್ಟಿಗೆ ಹೋಗಿ. ವಾರ್ಡ್ ಸಭೆಯನ್ನಂತೂ ತಪ್ಪಿಸಬೇಡಿ. ಅಲ್ಲಿ ಜನ ಕಡಿಮೆ, ಮೈಕ್ ಇಲ್ಲ, ಮಾತು ಮುಖಾಮುಖಿ ನಡೆಯುತ್ತದೆ.

ಸಭೆಯ ಹೊತ್ತನ್ನೂ ಗಮನಿಸಿ. ನಮ್ಮಲ್ಲಿ ಯಾವಾಗಲೂ ಬೆಳಗ್ಗೆ ಹನ್ನೊಂದಕ್ಕೆ ಇಡುತ್ತಿದ್ದರು, ಕೂಲಿಗೆ ಹೋಗುವ ಹೆಂಗಸರು ಬರುವಂತೆಯೇ ಇರಲಿಲ್ಲ. ಆ ಅಜ್ಜಿ ಅಂದು ಬಂದದ್ದು ಮೈಗೆ ಹುಷಾರಿಲ್ಲದೆ ಮನೆಯಲ್ಲಿ ಉಳಿದಿದ್ದರಿಂದ. ಮುಂದಿನ ವಾರ್ಡ್ ಸಭೆಯನ್ನು ಸಂಜೆ ಆರಕ್ಕೆ ಇಡಬೇಕೆಂದು ಇಪ್ಪತ್ತಾರು ಜನ ಸಹಿ ಹಾಕಿ ಕೊಟ್ಟಿದ್ದೇವೆ.